ನಾಡಿನ ಹೆಸರೂ ವ್ಯಕ್ತಿಯ ಕರೆಯೂ

ಹೆಸರಿಲ್ಲದೆ ಲೋಕದಲ್ಲಿ ವ್ಯವಹಾರವಿಲ್ಲ. ಆದರೆ ಹೆಸರೊಂದು ಇದ್ದ ಮಾತ್ರಕ್ಕೆ ವ್ಯವಹಾರವು ನಡೆದೇ ತೀರುವುದೆಂಬ ನಿಯಮವೂ ಇಲ್ಲ. ಈ ಹೆಸರು ಎಲ್ಲಿಯದು ಎಂಬುದೊಂದು ಪ್ರಶ್ನೆ. ಈ ಹೆಸರಿನಿಂದ ಕರೆದರೆ ಓಗೊಟ್ಟು ಕೆಲಸವನ್ನು ಮಾಡುವವರು ಯಾರು ಎಂಬುದು ಇನ್ನೊಂದು ಪ್ರಶ್ನೆ. ಇವೆರಡನ್ನೂ ಬೆರೆಸಿದಲ್ಲಿ ದಾನಪತ್ರವು ದಾನಿಯ ಇಚ್ಛೆಯನ್ನು ಸಲ್ಲಿಸಲಾರದು. ಟಪಾಲು ಬೇರೆ ಊರನ್ನು ಸೇರುವುದು. ಗಣಕಯಂತ್ರವು ಎಳೆಯಬೇಕಾದ ಗೆರೆಯನ್ನೆಳೆಯದೆ ದೋಷವನ್ನು ತೋರಿಸಿ ಸುಮ್ಮನೆ ನಿಲ್ಲುವುದು. ದಾನಪತ್ರಕ್ಕೂ ಗಣಕಯಂತ್ರಕ್ಕೂ ಏನು ಸಂಬಂಧವೆಂದು ವಾಚಕರು ಆಶ್ಚರ್ಯಪಡಬಹುದು. ಬೆಳಗಾವಿಯ ನೆಲದಲ್ಲಿ ಈ ಎರಡೂ ಕೂಡಿರುವುದರಿಂದ ಆ ಸಂಬಂಧವನ್ನು ವಿಚಾರಿಸುವುದು ಅನುಚಿತವಾಗಲಾರದು.

1998ನೆಯ ಇಸವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಬೆಳಗಾವಿಯನ್ನು ಕೇಂದ್ರವನ್ನಾಗಿ ಮಾಡಿಕೊಂಡು ಸ್ಥಾಪಿತವಾಯಿತು. ಕರ್ನಾಟಕದ ಬಹುಭಾಗದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಏನನ್ನು ಕಲಿಸಬೇಕೆಂಬುದು ಅಲ್ಲಿಂದಾಚೆಗೆ ಈ ಊರಿನಲ್ಲಿ ನಿರ್ಣಯವಾಗತೊಡಗಿತು. ಆ ವಿಶ್ವವಿದ್ಯಾಲಯದ 2010ರ ಪಾಠಕ್ರಮದಲ್ಲಿ ಗಣಕಶಾಸ್ತ್ರದ ವಿದ್ಯಾರ್ಥಿಗಳು ಆರನೆಯ ಸೆಮಿಸ್ಟರಿನಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಎಂಬ ಚಿತ್ರಲೇಖನವಿದ್ಯೆಯನ್ನು ಓಪನ್‌ಜಿಎಲ್ ಎಂಬ ಸಾಧನದ ಮೂಲಕ ಕಲಿಯುತ್ತಿದ್ದರು. ಸೀ-ಶಾರ್ಪ್ ಎಂಬ ಭಾಷೆಯೂ ಡಾಟ್‌ನೆಟ್ ಎಂಬ ವ್ಯವಸ್ಥೆಯೂ ಐಚ್ಛಿಕ ವಿಷಯವಾಗಿದ್ದುವು. ಮೊದಲನೆಯದರಿಂದ ಎರಡನೆಯದಕ್ಕೆ ಬಂದ ವಿದ್ಯಾರ್ಥಿಯು ಎಡವುವ ಕಲ್ಲೊಂದಿದೆ. ಗೆರೆಯನ್ನೆಳೆಯುವ ಕೆಲಸಕ್ಕೆ ‘ಡ್ರಾಲೈನ್’ ಎಂಬ ಹೆಸರಿದೆಯೆಂದೂ, ಅದು ‘ಗ್ರಾಫಿಕ್ಸ್’ ಎಂಬ ವರ್ಗಕ್ಕೆ ಸೇರಿದುದೆಂದೂ, ಆ ವರ್ಗವು ‘ಸಿಸ್ಟಮ್.ಡ್ರಾಯಿಂಗ್’ ಎಂಬ ಹೆಸರುಗಳ ನಾಡಿನಲ್ಲಿದೆಯೆಂದೂ ಅವನು ಪುಸ್ತಕದಲ್ಲಿ ಓದಿರುತ್ತಾನೆ. ಆದುದರಿಂದ ‘ಸಿಸ್ಟಮ್.ಡ್ರಾಯಿಂಗ್.ಗ್ರಾಫಿಕ್ಸ್.ಡ್ರಾಲೈನ್’ ಎಂದು ಪೂರ್ಣ ವಿಳಾಸವನ್ನೇ ಬರೆದು ಗೆರೆಗಾಗಿ ಕಾಯುತ್ತಾನೆ. ಗೆರೆಯು ಮೂಡುವುದಿಲ್ಲ. ಇದಕ್ಕೊಂದು ವಸ್ತುವಿನ ನಿರ್ದೇಶವು ಬೇಕು ಎಂಬ ಉತ್ತರವು ಬರುತ್ತದೆ. ವಿಳಾಸದಲ್ಲಿ ಒಂದಕ್ಷರವೂ ತಪ್ಪಿಲ್ಲದಿರುವಾಗ ಇನ್ನೇನು ಬೇಕೆಂದು ಹುಡುಗನು ಕಂಗೆಡುತ್ತಾನೆ. ಕೆಲವರಂತೂ ಈ ವಿದ್ಯೆಯೇ ತಮಗೆ ತಕ್ಕುದಲ್ಲವೆಂದು ತಿಳಿದು ಹಿಂದೆಗೆಯುತ್ತಾರೆ. ಆದರೆ ಈ ತೊಡಕು ಬುದ್ಧಿಯ ಮಾಂದ್ಯದಿಂದ ಹುಟ್ಟಿದುದಲ್ಲ. ಇದು ಬಹು ಪುರಾತನವಾದ ತೊಡಕು. ಈ ಸೀಮೆಯ ಹಿರಿಯರು ಇದನ್ನು ತಮ್ಮ ರೀತಿಯಲ್ಲಿ ಬಿಡಿಸಿಯೂ ಇದ್ದರು.

ಖಾನಾಪುರ ತಾಲೂಕಿನ ಹಲಸಿಯೆಂಬ ಇಂದಿನ ಸಣ್ಣ ಊರು ಪೂರ್ವಕಾಲದಲ್ಲಿ ಪಲಾಶಿಕಾ ಎಂಬ ಹೆಸರಿನಿಂದ ಬನವಾಸಿಯ ಕದಂಬರಿಗೆ ಇನ್ನೊಂದು ರಾಜಧಾನಿಯಂತಿತ್ತು. ಕಾಕುತ್ಸ್ಥವರ್ಮ, ಮೃಗೇಶವರ್ಮ, ರವಿವರ್ಮ, ಹರಿವರ್ಮ ಇವರ ಸಂಸ್ಕೃತ ತಾಮ್ರಪಟಗಳು ಅಲ್ಲಿ ದೊರೆತು, ಫ್ಲೀಟ್ ಸಾಹೇಬರ ಪರಿಶ್ರಮದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳಕಿಗೆ ಬಂದುವು. ಮುಂದೆ ಗೋವೆಯ ಕದಂಬರ ಕಾಲಕ್ಕೆ ಅದೇ ಊರಿನ ಹೆಸರಿನಿಂದ ಪಲಸಿಗೆ-12000 ಎಂಬ ದೊಡ್ಡ ನಾಡು ಪ್ರಸಿದ್ಧವಾಯಿತು. ಬೆಳಗಾವಿಯು ವೇಣುಗ್ರಾಮ-70 ಎಂಬ ಚಿಕ್ಕ ವಿಭಾಗಕ್ಕೆ ತಲೆಯೂರಾಗಿತ್ತು. ಸವದತ್ತಿಯ ರಟ್ಟರು ಆಳಿದ ಸೀಮೆಗೆ ಕೂಂಡಿ-3000 ಎಂಬ ಹೆಸರು. ಅದರೊಳಗೆ ಸವದತ್ತಿಯ ಸುತ್ತಣ ಭಾಗವು ಸುಗಂಧವರ್ತಿ-12. ಬೆಳ್ವೊಲ-300, ಬನವಾಸಿ-12000, ಗಂಗವಾಡಿ-96000 ಎಂಬ ಹೆಸರುಗಳು ಕನ್ನಡ ಶಾಸನಗಳನ್ನು ಅಷ್ಟಿಷ್ಟು ಬಲ್ಲವರಿಗೆಲ್ಲ ಪರಿಚಿತವಾಗಿವೆ. ಈ ಸಂಖ್ಯೆಗಳು ಊರುಗಳ ಎಣಿಕೆಯೋ ಕಂದಾಯದ ಎಣಿಕೆಯೋ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯಗಳಿವೆ. ಅದು ಹೇಗಾದರೂ ಇರಲಿ. ಊರೊಂದನ್ನು ದಾನ ಮಾಡುವಾಗ ಆ ಊರಿನ ಹೆಸರನ್ನಷ್ಟೇ ಬರೆದು ಬಿಡುವ ಪದ್ಧತಿಯು ಇರಲಿಲ್ಲವೆಂಬುದು ಇಲ್ಲಿ ಮುಖ್ಯವಾದುದು. ಇಂಥ ನಾಡಿನೊಳಗೆ, ಇಂಥ ಕಂಪಣದಲ್ಲಿ, ಇಂಥ ಊರು ಎಂದು ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬಂದು, ತರುವಾಯ ನಾಲ್ದೆಸೆಯ ಎಲ್ಲೆಗಳನ್ನು ಹೇಳುವುದು ಕ್ರಮವಾಗಿತ್ತು.

ಈ ಕ್ರಮಕ್ಕೆ ಕಾರಣವು ಸ್ಪಷ್ಟವಾಗಿದೆ. ಹೊಸೂರು, ಕೊಪ್ಪ, ಹಳ್ಳೂರು ಎಂಬ ಹೆಸರಿನ ಊರುಗಳು ಕನ್ನಡ ನಾಡಿನಲ್ಲಿ ಎಷ್ಟಿವೆಯೆಂದು ಎಣಿಸುವುದೇ ಕಷ್ಟ. ಕಿತ್ತೂರೆಂದರೆ ಬೆಳಗಾವಿಯವರಿಗೆ ರಾಣಿ ಚೆನ್ನಮ್ಮನ ಕಿತ್ತೂರು. ಪ್ರಾಚೀನ ಪುನ್ನಾಟರ ಚರಿತ್ರೆಯನ್ನು ಓದುವವರಿಗೆ ಹೆಗ್ಗಡದೇವನಕೋಟೆಯ ಕಡೆಯ ಕಿತ್ತೂರು. ಚಂದ್ರಸೂರ್ಯರಿರುವವರೆಗೆ ನಡೆಯಬೇಕೆಂದು ಬಿಟ್ಟ ದತ್ತಿಯು ಹೆಸರಿನ ಸಂದಿಗ್ಧದಿಂದ ಬೇರೊಬ್ಬರ ಪಾಲಾದರೆ ದಾನಿಯ ಪುಣ್ಯವೂ ಹೋಯಿತು, ದೇವಾಲಯದ ದೀಪವೂ ಆರಿತು. ನಾಡಿನ ಹೆಸರನ್ನು ಊರಿನ ಹೆಸರಿಗೆ ಮುಂದಾಗಿ ಜೋಡಿಸಿದುದು ಅಲಂಕಾರಕ್ಕಾಗಿ ಅಲ್ಲ, ಹಕ್ಕಿನ ರಕ್ಷಣೆಗಾಗಿ.

ಆದರೆ ಶಾಸನವು ಅಷ್ಟಕ್ಕೇ ಮುಗಿಯುವುದಿಲ್ಲ. ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯನ್ನು ನೋಡದವರು ಈ ಭಾಗದಲ್ಲಿ ವಿರಳ. ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿಯಾದ ಬೀಚಿರಾಜನು ಕ್ರಿ. ಶ. 1204ರಲ್ಲಿ ಕಟ್ಟಿಸಿದ ಬಸದಿಯಿದು. ಅದಕ್ಕೆ ಸಂಬಂಧಿಸಿದ ದಾನವು ಆಚಾರ್ಯರಾದ ಶುಭಚಂದ್ರ ಭಟ್ಟಾರಕರಿಗೆ ಸಂದಿತು. ಇಂಥ ದಾನಗಳು ಧಾರಾಪೂರ್ವಕವಾಗಿ ನಡೆಯುತ್ತಿದ್ದುವು. ಎಂದರೆ ದಾನಿಯು ಪ್ರತಿಗ್ರಹಿಯ ಕೈಯಲ್ಲಿ ನೀರನ್ನೆರೆದು ಕೊಡುತ್ತಿದ್ದನು. ವಾಚಕರು ಇದನ್ನು ಚೆನ್ನಾಗಿ ಗಮನಿಸಬೇಕು. ಭೂಮಿಯನ್ನು ಗುರುತಿಸಲು ನಾಡು ಬೇಕು, ಕಂಪಣ ಬೇಕು, ಊರು ಬೇಕು. ಆದರೆ ಧಾರೆಯ ನೀರು ಬೀಳುವುದು ನಾಡಿನ ಮೇಲಲ್ಲ, ಆಚಾರ್ಯರೆಂಬ ಸಾಮಾನ್ಯವರ್ಗದ ಮೇಲೂ ಅಲ್ಲ. ಆ ದಿನ ಆ ಸ್ಥಳದಲ್ಲಿ ಎದುರಿಗಿದ್ದ ಒಬ್ಬ ವ್ಯಕ್ತಿಯ ಅಂಗೈಯಲ್ಲಿ. ನಾಡು ಹೆಸರನ್ನು ಕಾಯುವುದು. ವ್ಯಕ್ತಿಯು ಕಾರ್ಯವನ್ನು ನಡೆಯಿಸುವನು. ಕೂಂಡಿ ಮೂರುಸಾವಿರವು ಎಷ್ಟು ದೊಡ್ಡದಾದರೂ ತಾನಾಗಿ ಒಂದು ನೇಗಿಲನ್ನು ಹೂಡಲಾರದು.

ಇದೇ ತತ್ತ್ವವು ಟಪಾಲಿನ ವ್ಯವಸ್ಥೆಯಲ್ಲಿ ಮತ್ತೆ ಕಾಣಿಸಿಕೊಂಡಿತು. ಖಾನಾಪುರವೆಂಬ ಹೆಸರು ಬೆಳಗಾವಿ ಜಿಲ್ಲೆಯೊಂದರ ಸೊತ್ತಲ್ಲ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ಖಾನಾಪುರವೆಂಬ ತಾಲೂಕಿದೆ. ತೆಲಂಗಾಣದ ನಿರ್ಮಲ ಜಿಲ್ಲೆಯಲ್ಲಿಯೂ ಖಾನಾಪುರವಿದೆ. ಇಂಥ ಗೊಂದಲಗಳನ್ನು ಪರಿಹರಿಸುವ ಸಲುವಾಗಿ ಭಾರತ ಸರಕಾರವು 1972ರ ಆಗಸ್ಟ್ 15ರಂದು ಆರು ಅಂಕೆಗಳ ಪಿನ್ ಕೋಡನ್ನು ಜಾರಿಗೆ ತಂದಿತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತ ಕವಿಗಳಾಗಿದ್ದರೆಂಬುದು ಕುತೂಹಲದ ಸಂಗತಿ. ಬೆಳಗಾವಿ ನಗರದ ಮುಖ್ಯ ಅಂಚೆಗೆ 590001, ಖಾನಾಪುರಕ್ಕೆ 591302 ಎಂಬ ಅಂಕೆಗಳು ಬಂದುವು. ಮೊದಲ ಅಂಕೆಯು ವಲಯವನ್ನೂ, ಮುಂದಿನವು ಉಪವಲಯವನ್ನೂ ವಿಂಗಡಣೆಯ ಜಿಲ್ಲೆಯನ್ನೂ, ಕೊನೆಯ ಮೂರು ಅಂಕೆಗಳು ಅಂಚೆಮನೆಯನ್ನೂ ಸೂಚಿಸುತ್ತವೆ. ಪಲಸಿಗೆ-12000ದಿಂದ ಊರಿಗೆ ಇಳಿದು ಬಂದ ಶಾಸನದ ಕ್ರಮವೇ ಇಲ್ಲಿ ಅಂಕೆಗಳ ವೇಷವನ್ನು ಧರಿಸಿದೆ. ಆದರೂ 591302 ಎಂಬ ಅಂಕೆಯು ರಜಿಸ್ಟರ್ ಟಪಾಲಿಗೆ ಸಹಿ ಮಾಡಲಾರದು. ಅಂಚೆಯವನು ಬಾಗಿಲಿಗೆ ಬಂದು ಹೆಸರು ಹಿಡಿದು ಕೂಗಿದಾಗ ಮನೆಯೊಳಗಿನಿಂದ ಒಬ್ಬ ವ್ಯಕ್ತಿಯೇ ಹೊರಗೆ ಬರಬೇಕು.

ಹೆಸರುಗಳ ನಾಡು ಎಂಬ ಕಲ್ಪನೆಯು ಶಾಸ್ತ್ರಗಳಲ್ಲಿ ಇನ್ನೂ ಸೂಕ್ಷ್ಮವಾಗಿ ಬೆಳೆದಿತ್ತು. ‘ಗುಣ’ ಎಂಬ ಒಂದೇ ಶಬ್ದವನ್ನು ತೆಗೆದುಕೊಳ್ಳಬಹುದು. ಪಾಣಿನಿಯ ವ್ಯಾಕರಣದಲ್ಲಿ ಗುಣವೆಂದರೆ ಅ, ಏ, ಓ ಎಂಬ ಸ್ವರಗಳು. ಸಾಂಖ್ಯರಲ್ಲಿ ಸತ್ತ್ವ, ರಜಸ್ಸು, ತಮಸ್ಸುಗಳೆಂಬ ಮೂರು. ವೈಶೇಷಿಕರಲ್ಲಿ ದ್ರವ್ಯವನ್ನಾಶ್ರಯಿಸಿರುವ ಪದಾರ್ಥ. ಅದರಲ್ಲಿ 24 ಭೇದಗಳನ್ನು ಎಣಿಸುತ್ತಾರೆ. ಪಾಠಶಾಲೆಯಲ್ಲಿ ಪ್ರಾತಃಕಾಲ ವ್ಯಾಕರಣವನ್ನೂ ಮಧ್ಯಾಹ್ನ ತರ್ಕವನ್ನೂ ಓದುವ ಬಾಲಕನು ಇದರಿಂದ ಗೊಂದಲಕ್ಕೀಡಾಗುವುದಿಲ್ಲ. ಏಕೆಂದರೆ ಯಾವ ಶಾಸ್ತ್ರದಲ್ಲಿ ಕುಳಿತಿದ್ದೇನೆಂಬುದು ಅವನಿಗೆ ಗೊತ್ತಿರುತ್ತದೆ. ಶಾಸ್ತ್ರವೇ ಅಲ್ಲಿ ಹೆಸರುಗಳ ನಾಡು. ಗಣಕಶಾಸ್ತ್ರಜ್ಞರು ನೇಮ್‌ಸ್ಪೇಸ್ ಎಂದು ಕರೆಯುವುದು ಇದನ್ನೇ. ಡಾಟ್‌ನೆಟ್ ವ್ಯವಸ್ಥೆಯಲ್ಲಿ ‘ಟೈಮರ್’ ಎಂಬ ಹೆಸರಿನ ವರ್ಗಗಳು ಮೂರು ಬೇರೆ ಬೇರೆ ನೇಮ್‌ಸ್ಪೇಸುಗಳಲ್ಲಿವೆ. ಜಾವಾ ಭಾಷೆಯಲ್ಲಿ ‘ಲಿಸ್ಟ್’ ಎಂಬ ಹೆಸರು ಚಿತ್ರಫಲಕದ ಪೊಟ್ಟಣದಲ್ಲಿ ಒಂದರ್ಥವನ್ನೂ ಸಾಮಾನ್ಯ ಉಪಯೋಗದ ಪೊಟ್ಟಣದಲ್ಲಿ ಇನ್ನೊಂದರ್ಥವನ್ನೂ ಕೊಡುತ್ತದೆ. ಎರಡನ್ನೂ ಒಮ್ಮೆಗೇ ಬರಮಾಡಿಕೊಂಡವನು ಯಾವ ಲಿಸ್ಟ್ ಎಂದು ಬಿಡಿಸಿ ಹೇಳದಿದ್ದರೆ ಯಂತ್ರವು ಮುಂದುವರಿಯುವುದಿಲ್ಲ.

ಪ್ರತಿಯೊಂದು ಸಲವೂ ಪೂರ್ಣ ವಿಳಾಸವನ್ನು ಹೇಳುವುದು ಶ್ರಮವಷ್ಟೆ. ಇದಕ್ಕೂ ಪಾಣಿನಿಯು ಉಪಾಯವನ್ನು ಕಂಡಿದ್ದನು. ಪ್ರತ್ಯಯವೆಂಬ ಅಧಿಕಾರವನ್ನು ಮೂರನೆಯ ಅಧ್ಯಾಯದ ಆರಂಭದಲ್ಲಿ ಒಮ್ಮೆ ಹೇಳಿದರೆ ಅದು ಐದನೆಯ ಅಧ್ಯಾಯದ ಕೊನೆಯವರೆಗೂ ತಾನಾಗಿ ಅನುವರ್ತಿಸುತ್ತದೆ. ನಡುವಣ ಸೂತ್ರಗಳಲ್ಲಿ ಅದನ್ನು ಮತ್ತೆ ಹೇಳುವ ಅಗತ್ಯವಿಲ್ಲ. ಸೀ-ಶಾರ್ಪಿನಲ್ಲಿ ಕಡತದ ಮೊದಲಿಗೆ ‘ಯೂಸಿಂಗ್ ಸಿಸ್ಟಮ್.ಡ್ರಾಯಿಂಗ್’ ಎಂದು ಬರೆಯುವುದು ಇಂಥದೇ ಅಧಿಕಾರಸೂತ್ರ. ಅದರ ಬಲದಿಂದ ಮುಂದೆಲ್ಲ ‘ಗ್ರಾಫಿಕ್ಸ್’ ಎಂದಷ್ಟೇ ಹೇಳಬಹುದು. ಆದರೆ ಅಧಿಕಾರವು ಹೆಸರನ್ನು ಚಿಕ್ಕದಾಗಿಸುತ್ತದೆಯೇ ಹೊರತು ಕಾರ್ಯಕ್ಕೆ ಬೇಕಾದ ವ್ಯಕ್ತಿಯನ್ನು ಹುಟ್ಟಿಸಲಾರದು. ಅನೇಕ ವಿದ್ಯಾರ್ಥಿಗಳು ಯೂಸಿಂಗ್ ಎಂಬ ಸಾಲನ್ನು ಬರೆದೊಡನೆಯೇ ತಮಗೆ ಗ್ರಾಫಿಕ್ಸ್ ದೊರೆಯಿತೆಂದು ಭಾವಿಸುತ್ತಾರೆ. ದೊರೆತುದು ಹೆಸರು ಮಾತ್ರ.

ವ್ಯಕ್ತಿಯ ವಿಚಾರಕ್ಕೆ ಬಂದರೆ, ಶಬ್ದವು ಜಾತಿಯನ್ನು ಹೇಳುವುದೋ ವ್ಯಕ್ತಿಯನ್ನು ಹೇಳುವುದೋ ಎಂಬ ವಾದವು ಭಾರತೀಯ ಶಾಸ್ತ್ರಗಳಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನದು. ವಾಜಪ್ಯಾಯನನು ಆಕೃತಿಯೇ ಶಬ್ದಾರ್ಥವೆಂದನು. ವ್ಯಾಡಿಯು ದ್ರವ್ಯವೇ ಎಂದನು. ಇವರಿಬ್ಬರ ಮತಗಳನ್ನೂ ಕಾತ್ಯಾಯನನು ತನ್ನ ವಾರ್ತಿಕಗಳಲ್ಲಿ ಎತ್ತಿ ಹೇಳಿದ್ದಾನೆ. ಪತಂಜಲಿಯು ಮಹಾಭಾಷ್ಯದಲ್ಲಿ ಎರಡು ಪಕ್ಷಗಳನ್ನೂ ತೂಗಿ, ಪಾಣಿನಿಯು ಒಂದೆಡೆ ಜಾತಿಯನ್ನೂ ಇನ್ನೊಂದೆಡೆ ದ್ರವ್ಯವನ್ನೂ ಅಂಗೀಕರಿಸಿಯೇ ಸೂತ್ರಗಳನ್ನು ರಚಿಸಿದನೆಂದು ತೋರಿಸಿದನು. ನೈಯಾಯಿಕರು ವ್ಯಕ್ತಿ, ಆಕೃತಿ, ಜಾತಿ ಮೂರೂ ಪದಾರ್ಥವೆಂದರು. ಮೀಮಾಂಸಕರು ಜಾತಿಯೇ ಶಬ್ದಾರ್ಥವೆಂದು ಹಟ ಹಿಡಿದರು. ಆಗ ಅವರಿಗೊಂದು ಆಕ್ಷೇಪವು ಬಂದಿತು. ಹಸುವನ್ನು ತಾ ಎಂದು ಯಜಮಾನನು ಹೇಳಿದರೆ ಹಸುತನವೆಂಬ ಜಾತಿಯನ್ನು ಹಗ್ಗ ಹಾಕಿ ತರಲು ಬರುವುದೇನು? ಕೊಟ್ಟಿಗೆಯಲ್ಲಿರುವ ಒಂದು ಹಸುವನ್ನೇ ತರಬೇಕಲ್ಲವೆ? ಅದಕ್ಕೆ ಅವರ ಸಮಾಧಾನವೇನೆಂದರೆ, ಜಾತಿಯನ್ನು ಕೇಳಿದ ಶ್ರೋತೃವು ಕಾರ್ಯದ ಬಲದಿಂದ ತಕ್ಕ ವ್ಯಕ್ತಿಯನ್ನು ತಾನೇ ತಿಳಿದುಕೊಳ್ಳುತ್ತಾನೆ.

ಮನುಷ್ಯನು ತಿಳಿದುಕೊಳ್ಳುತ್ತಾನೆ, ನಿಜ. ಗಣಕಯಂತ್ರವು ತಿಳಿದುಕೊಳ್ಳುವುದಿಲ್ಲ. ಇಲ್ಲಿಯೇ ತೊಡಕಿನ ಮೂಲವಿದೆ. ‘ಗ್ರಾಫಿಕ್ಸ್’ ಎಂಬುದು ಜಾತಿವಾಚಕ ಶಬ್ದ. ಗೆರೆಯನ್ನೆಳೆಯುವುದು ಕ್ರಿಯೆ. ಯಾವ ಕಿಟಕಿಯ ಮೇಲೆ, ಯಾವ ಚಿತ್ರಪಟದ ಮೇಲೆ ಎಂಬುದನ್ನು ಒಂದು ಗ್ರಾಫಿಕ್ಸ್ ವ್ಯಕ್ತಿಯು ಮಾತ್ರ ಬಲ್ಲುದು. ಏಕೆಂದರೆ ಆ ಪಟದ ಅಂಚುಗಳೂ ಅಳತೆಯೂ ಅದರೊಡನೆ ಬದ್ಧವಾಗಿರುತ್ತವೆ. ಇಂಥ ವ್ಯಕ್ತಿಯನ್ನು ಗಣಕಭಾಷೆಯಲ್ಲಿ ಇನ್‌ಸ್ಟೆನ್ಸ್ ಅಥವಾ ಆಬ್ಜೆಕ್ಟ್ ಎನ್ನುತ್ತಾರೆ. ವ್ಯಕ್ತಿಯನ್ನು ಕರೆದೇ ಮಾಡಿಸಬೇಕಾದ ಕಾರ್ಯಕ್ಕೆ ಇನ್‌ಸ್ಟೆನ್ಸ್ ಮೆಥಡ್ ಎಂಬ ಹೆಸರು. ಎಲ್ಲ ಕಾರ್ಯಗಳೂ ಇಂಥವೇ ಎಂದಲ್ಲ. 16ರ ವರ್ಗಮೂಲವು ಬೆಳಗಾವಿಯಲ್ಲಿಯೂ 4, ಖಾನಾಪುರದಲ್ಲಿಯೂ 4. ಅದಕ್ಕೆ ವ್ಯಕ್ತಿಯ ಅಪೇಕ್ಷೆಯಿಲ್ಲ. ಆದುದರಿಂದ ‘ಮ್ಯಾಥ್’ ಎಂಬ ವರ್ಗದ ಹೆಸರಿನಿಂದಲೇ ಅದನ್ನು ಕರೆಯಬಹುದು. ಇದನ್ನು ಸ್ಟ್ಯಾಟಿಕ್ ಎನ್ನುತ್ತಾರೆ. ಗೆರೆಯಾದರೋ ಎಲ್ಲಿಯಾದರೊಂದು ಕಡೆ ಬೀಳಲೇಬೇಕು.

ಈ ಇತಿಹಾಸದಲ್ಲಿ ವಿಚಿತ್ರವೆಂದರೆ, ಗಣಕಲೋಕದಲ್ಲಿ ಜಾತಿ-ವ್ಯಕ್ತಿಗಳ ಭೇದವು ಚಿತ್ರಲೇಖನದಲ್ಲಿಯೇ ಮೊಟ್ಟಮೊದಲು ಸ್ಪಷ್ಟವಾಗಿ ಮೈದೋರಿದವುಗಳಲ್ಲಿ ಒಂದು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಐವನ್ ಸದರ್‌ಲ್ಯಾಂಡ್ ಎಂಬ ವಿದ್ಯಾರ್ಥಿಯು 1963ರಲ್ಲಿ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ತನ್ನ ಪ್ರಬಂಧದ ವಿಷಯವನ್ನಾಗಿ ಮಂಡಿಸಿದನು. ಬೆಳಕಿನ ಲೇಖನಿಯಿಂದ ತೆರೆಯ ಮೇಲೆ ಬರೆಯುವ ಆ ಯಂತ್ರದಲ್ಲಿ ಒಂದು ಮೂಲಚಿತ್ರವನ್ನು ರಚಿಸಿ, ಅದರ ಪ್ರತಿರೂಪಗಳನ್ನು ಬೇಕಾದಷ್ಟು ಕಡೆ ಇರಿಸಬಹುದಾಗಿತ್ತು. ಮೂಲವನ್ನು ತಿದ್ದಿದರೆ ಪ್ರತಿರೂಪಗಳೆಲ್ಲವೂ ತಿದ್ದಲ್ಪಡುತ್ತಿದ್ದುವು. ಆದರೆ ಪ್ರತಿಯೊಂದಕ್ಕೂ ತನ್ನದೇ ಆದ ಸ್ಥಾನ, ಗಾತ್ರ, ತಿರುವುಗಳಿದ್ದುವು. ನಾಲ್ಕು ವರ್ಷಗಳ ತರುವಾಯ ನಾರ್ವೆ ದೇಶದ ಓಲೆ-ಯೋಹಾನ್ ಡಾಲ್, ಕ್ರಿಸ್ಟೆನ್ ನೈಗಾರ್ಡ್ ಎಂಬವರು ಸಿಮುಲಾ 67 ಎಂಬ ಭಾಷೆಯಲ್ಲಿ ಕ್ಲಾಸ್ ಮತ್ತು ಆಬ್ಜೆಕ್ಟ್ ಎಂಬ ವಿಭಾಗವನ್ನು ಸ್ಥಿರಪಡಿಸಿದರು. 1972ರಿಂದ ಝೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಅಲನ್ ಕೇ, ಡ್ಯಾನ್ ಇಂಗಲ್ಸ್, ಅಡೀಲ್ ಗೋಲ್ಡ್‌ಬರ್ಗ್ ಮುಂತಾದವರು ಸ್ಮಾಲ್‌ಟಾಕ್ ಭಾಷೆಯನ್ನು ಬೆಳೆಯಿಸಿ, ಎಲ್ಲವೂ ವ್ಯಕ್ತಿಗಳೇ, ಕಾರ್ಯವೆಂದರೆ ವ್ಯಕ್ತಿಗೆ ಸಂದೇಶವನ್ನು ಕಳುಹಿಸುವುದೇ ಎಂಬ ಸಿದ್ಧಾಂತವನ್ನು ತುತ್ತತುದಿಗೆ ಒಯ್ದರು.

ಇತ್ತ ಸೀ ಭಾಷೆಯನ್ನು ಬಳಸುವವರಿಗೆ ಈ ಅನುಕೂಲಗಳು ಇರಲಿಲ್ಲ. ಆ ಭಾಷೆಯಲ್ಲಿ ಹೆಸರುಗಳ ನಾಡುಗಳೂ ಇಲ್ಲ, ಕರೆದರೆ ಓಗೊಡುವ ವ್ಯಕ್ತಿಗಳೂ ಇಲ್ಲ. ಆದರೂ ಅವಶ್ಯಕತೆಯು ಉಪಾಯವನ್ನು ಹುಡುಕಿತು. 1984ರಲ್ಲಿ ಆರಂಭವಾದ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಗೆರೆಯನ್ನೆಳೆಯುವ ಕಾರ್ಯಕ್ಕೆ ‘ಎಕ್ಸ್‌ಡ್ರಾಲೈನ್’ ಎಂಬ ಹೆಸರು. ಮೊದಲಿನ ಎಕ್ಸ್ ಎಂಬ ಅಕ್ಷರವೇ ಮನೆತನದ ಗುರುತು. ಯಾವ ತೆರೆ, ಯಾವ ಫಲಕ, ಯಾವ ಲೇಖನಸಾಮಗ್ರಿ ಎಂಬುದನ್ನು ಆವರಣದೊಳಗೆ ಬೇರೆಯಾಗಿ ಕೊಡಬೇಕಾಗಿತ್ತು. 1985ರಲ್ಲಿ ಹೊರಬಂದ ಮೈಕ್ರೋಸಾಫ್ಟಿನ ವಿಂಡೋಸ್ ವ್ಯವಸ್ಥೆಯು ಗುರುತಿನ ಅಕ್ಷರವನ್ನೂ ಬಿಟ್ಟು, ‘ಲೈನ್‌ಟೂ’, ‘ರೆಕ್ಟ್ಯಾಂಗಲ್’ ಎಂಬ ಬರಿಯ ಹೆಸರುಗಳನ್ನಿರಿಸಿತು. ಆದರೆ ಡಿವೈಸ್ ಕಾಂಟೆಕ್ಸ್ಟ್ ಎಂಬುದರ ಹಿಡಿಕೆಯನ್ನು ಮೊದಲನೆಯ ಪದಾರ್ಥವಾಗಿ ಕೊಡಲೇಬೇಕಾಗಿತ್ತು. 1992ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯು ಪ್ರಕಟಿಸಿದ ಓಪನ್‌ಜಿಎಲ್ ಮೂರನೆಯದೊಂದು ದಾರಿಯನ್ನು ಹಿಡಿಯಿತು. ‘ಜಿಎಲ್’ ಎಂಬ ಗುರುತನ್ನು ಪ್ರತಿಯೊಂದು ಹೆಸರಿನ ಮುಂದಿರಿಸಿತು. ಆದರೆ ವ್ಯಕ್ತಿಯನ್ನು ಕೇಳಲೇ ಇಲ್ಲ. ಆ ಕ್ಷಣದಲ್ಲಿ ಯಾವ ಕಾಂಟೆಕ್ಸ್ಟ್ ಪ್ರಚಲಿತವಾಗಿದೆಯೋ ಅದರ ಮೇಲೆಯೇ ಚಿತ್ರವು ಬೀಳುತ್ತದೆ. ಮೀಮಾಂಸಕರು ಹೇಳಿದಂತೆ ವ್ಯಕ್ತಿಯು ತಾನಾಗಿ ಊಹಿಸಲ್ಪಡುವ ಪದ್ಧತಿಯಿದು.

ಬೆಳಗಾವಿಯ ಪಾಠಕ್ರಮವನ್ನು ಅನುಸರಿಸಿದ ವಿದ್ಯಾರ್ಥಿಗಳ ಕಷ್ಟಕ್ಕೆ ಕಾರಣವು ಈಗ ಗೋಚರವಾಗುವುದು. ಅವರು ಪ್ರಯೋಗಶಾಲೆಯಲ್ಲಿ ಮೊದಲು ಅಭ್ಯಾಸ ಮಾಡಿದುದು ವ್ಯಕ್ತಿಯು ಅಡಗಿರುವ ಓಪನ್‌ಜಿಎಲ್ ಪದ್ಧತಿಯನ್ನು. ಅಲ್ಲಿ ಹೆಸರನ್ನು ಹೇಳಿದರೆ ಸಾಕು, ಗೆರೆಯು ಮೂಡುತ್ತದೆ. ಹೆಸರೇ ಕಾರ್ಯವನ್ನು ಮಾಡಿತೆಂಬ ಭ್ರಾಂತಿಯು ಹುಟ್ಟಲು ಇದಕ್ಕಿಂತ ಬೇರೆ ಕಾರಣವು ಬೇಡ. ಅದೇ ನಂಬಿಕೆಯಿಂದ ಡಾಟ್‌ನೆಟ್ಟಿಗೆ ಬಂದವನು ಹೆಸರನ್ನು ಹೇಳಿ ಗೆರೆಗಾಗಿ ಕಾಯುತ್ತಾನೆ. ತಪ್ಪು ಅವನದಲ್ಲ, ಎರಡು ಸಂಪ್ರದಾಯಗಳ ನಡುವಣ ಸೀಮೆಯನ್ನು ಯಾರೂ ಅವನಿಗೆ ತೋರಿಸಿಕೊಟ್ಟಿಲ್ಲ.

ಇನ್ನೊಂದು ಕಾರಣವು ಒಂದು ಬಿಂದುವಿನಲ್ಲಿದೆ. ಬ್ಯಾರ್ನ್ ಸ್ಟ್ರೌಸ್ಟ್ರಪ್ ಎಂಬ ಡೇನಿಷ್ ವಿದ್ವಾಂಸನು 1979ರಲ್ಲಿ ಆರಂಭಿಸಿದ ಸೀ-ಪ್ಲಸ್-ಪ್ಲಸ್ ಭಾಷೆಯಲ್ಲಿ ನೇಮ್‌ಸ್ಪೇಸುಗಳು 1998ರ ಪ್ರಮಾಣಗ್ರಂಥದ ಮೂಲಕ ನೆಲೆಗೊಂಡುವು. ಅಲ್ಲಿ ನಾಡಿಗೂ ಹೆಸರಿಗೂ ನಡುವೆ ಎರಡು ಜೋಡಿ ಚುಕ್ಕೆಗಳು. ವ್ಯಕ್ತಿಗೂ ಅದರ ಕಾರ್ಯಕ್ಕೂ ನಡುವೆ ಒಂದು ಬಿಂದು. ಎರಡು ಸಂಬಂಧಗಳಿಗೆ ಎರಡು ಚಿಹ್ನೆಗಳು. 1995ರಲ್ಲಿ ಬಂದ ಜಾವಾ ಭಾಷೆಯೂ 2002ರಲ್ಲಿ ಡಾಟ್‌ನೆಟ್ಟಿನೊಡನೆ ಹೊರಬಂದ ಸೀ-ಶಾರ್ಪ್ ಭಾಷೆಯೂ ಬರವಣಿಗೆಯ ಸೌಲಭ್ಯಕ್ಕಾಗಿ ಎರಡಕ್ಕೂ ಒಂದೇ ಬಿಂದುವನ್ನು ಇರಿಸಿಕೊಂಡುವು. ‘ಸಿಸ್ಟಮ್.ಡ್ರಾಯಿಂಗ್’ ಎಂಬಲ್ಲಿಯ ಬಿಂದುವಿಗೆ ಷಷ್ಠಿಯ ಅರ್ಥ: ಸಿಸ್ಟಮ್ಮಿನ ಡ್ರಾಯಿಂಗ್. ‘ಜಿ.ಡ್ರಾಲೈನ್’ ಎಂಬಲ್ಲಿ ಜಿ ಎಂಬುದು ಒಂದು ಗ್ರಾಫಿಕ್ಸ್ ವ್ಯಕ್ತಿಯಾಗಿದ್ದರೆ ಬಿಂದುವಿಗೆ ಸಂಬೋಧನೆಯ ಅರ್ಥ: ಎಲೈ ಜಿ, ಗೆರೆಯನ್ನೆಳೆ. ನೋಟಕ್ಕೆ ಒಂದೇ, ಅರ್ಥದಲ್ಲಿ ಬೇರೆ.

ಸಮಾಸವನ್ನು ಬಲ್ಲವರಿಗೆ ಇದು ಹೊಸದಲ್ಲ. ಇಂದ್ರಶತ್ರು ಎಂಬ ಒಂದೇ ಸಮಾಸವು ತತ್ಪುರುಷವಾದರೆ ಇಂದ್ರನನ್ನು ಕೊಲ್ಲುವವನು, ಬಹುವ್ರೀಹಿಯಾದರೆ ಇಂದ್ರನೇ ಯಾರನ್ನು ಕೊಲ್ಲುವನೋ ಅವನು. ತ್ವಷ್ಟೃವಿನ ಯಜ್ಞದಲ್ಲಿ ಸ್ವರವು ತಪ್ಪಿದುದರಿಂದ ಎರಡನೆಯ ಅರ್ಥವು ಬಂದು ವೃತ್ರನು ಹತನಾದನೆಂಬ ಕಥೆಯನ್ನು ಮಹಾಭಾಷ್ಯವು ಮೊದಲಿಗೇ ನೆನಪಿಗೆ ತರುತ್ತದೆ. ವಿಗ್ರಹವಾಕ್ಯವನ್ನು ಹೇಳಿಸದೆ ಸಮಾಸವನ್ನು ಬಾಯಿಪಾಠ ಮಾಡಿಸುವ ಉಪಾಧ್ಯಾಯರನ್ನು ಪಾಠಶಾಲೆಗಳಲ್ಲಿ ಮೆಚ್ಚುತ್ತಿರಲಿಲ್ಲ. ಬಿಂದುವಿಗೂ ಅದೇ ವಿಗ್ರಹವು ಬೇಕು. ಪ್ರತಿಯೊಂದು ಬಿಂದುವಿನ ಎದುರಿಗೆ ನಿಂತು, ಎಡಗಡೆಯಲ್ಲಿರುವುದು ನಾಡೋ, ಜಾತಿಯೋ, ವ್ಯಕ್ತಿಯೋ ಎಂದು ಕೇಳುವುದನ್ನು ಕಲಿತ ಹುಡುಗನು ಮುಂದೆ ಎಡವುವುದಿಲ್ಲ.

ವ್ಯಕ್ತಿಯು ಬೇಕೆಂದು ತಿಳಿದ ಮೇಲೂ ಒಂದು ಅಪಾಯವು ಉಳಿಯುತ್ತದೆ. ಯಾವ ವ್ಯಕ್ತಿಯಾದರೂ ಆಗಲಾರದು. ತಕ್ಕ ವ್ಯಕ್ತಿಯೇ ಬೇಕು. ಸಿಸ್ಟಮ್.ಡ್ರಾಯಿಂಗ್‌ನ ಗ್ರಾಫಿಕ್ಸನ್ನು ಬಳಸುವವನು ತನ್ನಷ್ಟಕ್ಕೆ ಹೊಸದಾಗಿ ಸೃಷ್ಟಿಸಲು ಬರುವುದಿಲ್ಲ. ಒಂದು ಚಿತ್ರಪಟದಿಂದ ಪಡೆಯಬೇಕು, ಇಲ್ಲವೆ ಒಂದು ಕಿಟಕಿಯಿಂದ ಕೇಳಿ ಪಡೆಯಬೇಕು, ಇಲ್ಲವೆ ಕಿಟಕಿಯು ಬಣ್ಣ ಬಳಿದುಕೊಳ್ಳುವ ವೇಳೆಗೆ ವ್ಯವಸ್ಥೆಯೇ ಕೈಗೆ ಕೊಡುವುದನ್ನು ಸ್ವೀಕರಿಸಬೇಕು. ಅವಸರದವನು ಎರಡನೆಯ ದಾರಿಯನ್ನು ಹಿಡಿದು ತೆರೆಯ ಮೇಲೆ ಗೆರೆಯನ್ನೆಳೆಯುತ್ತಾನೆ, ಗೆರೆಯು ಕಾಣಿಸುತ್ತದೆ, ಅವನು ಸಂತೋಷಪಡುತ್ತಾನೆ. ಕಿಟಕಿಯನ್ನು ಒಮ್ಮೆ ಮಡಿಚಿ ಮತ್ತೆ ತೆರೆದರೆ ಗೆರೆಯು ಮಾಯವಾಗಿರುತ್ತದೆ. ಏಕೆಂದರೆ ಕಿಟಕಿಯು ತನ್ನನ್ನು ತಾನು ಪುನಃ ಬರೆದುಕೊಳ್ಳುವಾಗ ಆ ಗೆರೆಯ ನೆನಪು ಅದಕ್ಕಿರುವುದಿಲ್ಲ. ಮೂರನೆಯ ದಾರಿಯಲ್ಲಿ ಬರೆದವನ ಗೆರೆಯು ಪ್ರತಿಯೊಂದು ಸಲವೂ ಮರಳಿ ಮೂಡುತ್ತದೆ. ದಾನವು ಸಂದಿತೇ ಎಂಬುದರ ಜೊತೆಗೆ ಸರಿಯಾದ ಕೈಗೆ ಸಂದಿತೇ ಎಂಬುದನ್ನೂ ನೋಡಬೇಕೆಂದು ಹಿರಿಯರು ಹೇಳಿದುದು ಇಲ್ಲಿಯೂ ಸಲ್ಲುತ್ತದೆ.

ಹೆಸರುಗಳ ನಾಡು ಶಾಶ್ವತವೂ ಅಲ್ಲ. ಖಾನಾಪುರದವನೊಬ್ಬನು 1940ರಲ್ಲಿ ತನ್ನ ಊರಿನ ಪೂರ್ಣ ವಿಳಾಸವನ್ನು ಬರೆದಿದ್ದರೆ ಮುಂಬಯಿ ಇಲಾಖೆಯನ್ನು ಹೇಳಬೇಕಾಗಿತ್ತು. 1956ರ ನವೆಂಬರ್ 1ರ ತರುವಾಯ ಮೈಸೂರು ರಾಜ್ಯವನ್ನು, 1973ರ ತರುವಾಯ ಕರ್ನಾಟಕವನ್ನು ಹೇಳಬೇಕಾಯಿತು. ಇಂಗ್ಲಿಷಿನಲ್ಲಿ ಬೆಲ್‌ಗಾಮ್ ಎಂದು ಬರೆಯುತ್ತಿದ್ದ ಜಿಲ್ಲೆಯ ಹೆಸರೂ 2014ರ ನವೆಂಬರ್ 1ರಂದು ಬೆಳಗಾವಿ ಎಂದಾಯಿತು. ಇಷ್ಟೆಲ್ಲ ಬದಲಾದರೂ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಹರಿಯುವ ದಿಕ್ಕು ಬದಲಾಗಲಿಲ್ಲ. ನಾಡಿನ ಹೆಸರಿಗಾಗಿ ಜನರು ಬಹುಕಾಲ ಹೋರಾಡಿದ ಸೀಮೆಯಿದು. ಹೆಸರು ಸಣ್ಣ ವಿಷಯವೆಂದು ಇಲ್ಲಿ ಯಾರೂ ಹೇಳಲಾರರು. ಆದರೆ ಹೊಲವನ್ನು ತೋಯಿಸುವ ನೀರು ಆ ಒಂದು ಹೊಳೆಯದು.

ಈಚೆಗೆ ಮಕ್ಕಳಿಗೆ ಕಲಿಸುವ ಪೈಥಾನ್ ಭಾಷೆಯಲ್ಲಿ ಟರ್ಟಲ್ ಎಂಬ ಆಮೆಯ ಚಿತ್ರಲೇಖನವಿದೆ. ಅದರ ಮೂಲವು 1967ರಲ್ಲಿ ಸೀಮೂರ್ ಪೇಪರ್ಟ್, ವಾಲೀ ಫಾಯರ್‌ಜೈಗ್, ಸಿಂಥಿಯಾ ಸಾಲೊಮನ್ ಇವರು ಆರಂಭಿಸಿದ ಲೋಗೋ ಭಾಷೆಯ ಸಂಪ್ರದಾಯ. ಅದರಲ್ಲಿ ಎರಡು ವಿಧವಾಗಿಯೂ ಹೇಳಬಹುದು. ಟರ್ಟಲ್ ಎಂಬ ನಾಡಿನ ಹೆಸರನ್ನೇ ಹಿಡಿದು ಮುಂದೆ ನಡೆ ಎಂದರೆ, ತೆರೆಯ ಮರೆಯಲ್ಲಿದ್ದ ಒಂದು ಆಮೆಯು ಎದ್ದು ನಡೆಯುತ್ತದೆ. ಇಲ್ಲವೆ ಒಂದು ಆಮೆಯನ್ನು ಸೃಷ್ಟಿಸಿ, ಅದಕ್ಕೆ ಹೆಸರಿಟ್ಟು, ಅದನ್ನು ಕರೆದು ನಡೆ ಎನ್ನಬಹುದು. ಒಂದೇ ಆಮೆಯಿರುವಾಗ ಎರಡರ ಫಲವೂ ಒಂದೇ. ಮಗುವು ಎರಡನೆಯ ಆಮೆಯನ್ನು ಬಯಸಿದ ದಿನ ಭೇದವು ತಾನಾಗಿ ತಿಳಿಯುತ್ತದೆ; ಒಂದು ಎಡಕ್ಕೂ ಇನ್ನೊಂದು ಬಲಕ್ಕೂ ಹೋಗಬೇಕಾದರೆ ಯಾವುದನ್ನು ಕರೆಯುತ್ತಿದ್ದೇನೆಂದು ಹೇಳಲೇಬೇಕು.

ಆದುದರಿಂದ ಬೆಳಗಾವಿಯಲ್ಲಾಗಲಿ ಖಾನಾಪುರದಲ್ಲಾಗಲಿ ಮನೆಯ ಹುಡುಗನೋ ಹುಡುಗಿಯೋ ಗಣಕದ ಮುಂದೆ ಕುಳಿತು, ಹೆಸರು ಸರಿಯಾಗಿದ್ದರೂ ಗೆರೆ ಬರಲಿಲ್ಲವೆಂದು ಖೇದಪಟ್ಟರೆ, ಈ ವಿದ್ಯೆಯ ಗಂಧವೇ ಇಲ್ಲದ ಹಿರಿಯರು ಕೂಡ ಅವರಿಗೆ ನೆರವಾಗಬಹುದು. ಅವರನ್ನು ಒಂದು ಸಲ ಕಮಲ ಬಸದಿಗೂ ಇನ್ನೊಂದು ಸಲ ಹಲಸಿಯ ಭೂವರಾಹ ನರಸಿಂಹ ದೇವಾಲಯಕ್ಕೂ ಕರೆದೊಯ್ದು, ನಾಡು, ಕಂಪಣ, ಊರು ಎಂಬ ಕ್ರಮವನ್ನು ವಿವರಿಸಬೇಕು. ತರುವಾಯ ಧಾರೆಯ ನೀರು ಯಾರ ಕೈಯಲ್ಲಿ ಬಿದ್ದಿತೆಂದು ಕೇಳಬೇಕು. ಉತ್ತರವನ್ನು ಮಕ್ಕಳೇ ಹೇಳುವರು.